ಪದಚರ್ಚೆ: ಕೇಪು, ಮದ್ದು, ತೋಟಾ, ‘ಮಿಸ್‌ಫೈರ್’ – ಮ್ಯಾಗ್ನಮ್ ರಿವಾಲ್ವರಿನ ಲೇಖನಕ್ಕೆ ಪದಗಳು ಬೇಕು

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಸಂಚಿಕೆಗೆ ಸದಸ್ಯರೊಬ್ಬರು ಲೇಖನ ಕೊಟ್ಟಿದ್ದಾರೆ. ಯಾರೋ ಬಳಸಿ ಬಿಟ್ಟ .357 ಮ್ಯಾಗ್ನಮ್ ರಿವಾಲ್ವರ್ ಕೊಂಡು, ಅದರ ತೋಟಾಗಳನ್ನು ಮನೆಯ ಗ್ಯಾರೇಜಿನಲ್ಲಿ ತಾವೇ ತುಂಬಿ, ಗುರಿ ಹೊಡೆಯುವ ಮೈದಾನದಲ್ಲಿ ಹಾರಿಸುವುದು ಅವರ ಹವ್ಯಾಸ. ಭಾರತದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಇಲ್ಲಿ ಅದು ಸಾಮಾನ್ಯ ಹವ್ಯಾಸ. ಲೇಖನ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಷಯ ಸೊಗಸಾಗಿದೆ, ಭಾಷೆ ಕೈಕೊಟ್ಟಿದೆ. ಒಂದು ವಾಕ್ಯ ನೋಡಿ: ‘ಖಾಲಿ ಗುಂಡನ್ನು ಚೆನ್ನಾಗಿ ತೊಳೆದು ಒಣಗಿಸಿ, ಅದರೊಳಗೆ ಗುಂಡು ಕೂರಿಸಿದರೆ ಹೊಸ ಗುಂಡು ಸಿದ್ಧ.’

ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಅಪರಾಧ ಸುದ್ದಿಗಳಲ್ಲಿ ಪೊಲೀಸರು ವಶಪಡಿಸಿಕೊಳ್ಳುವುದು ‘ಜೀವಂತ ಗುಂಡು’, ಮೈಗೆ ಹೊಕ್ಕುವುದು ‘ಗುಂಡು’, ಸ್ಥಳದಲ್ಲಿ ಬಿದ್ದಿರುವುದು ‘ಖಾಲಿ ಗುಂಡು’. ಮೊದಲನೆಯದು ಇಡೀ ತೋಟಾ, ಎರಡನೆಯದು ಹಾರಿಹೋದ ಸೀಸದ ತುಂಡು, ಮೂರನೆಯದು ಉಳಿದ ಹಿತ್ತಾಳೆಯ ಕೊಳವೆ. ಸುದ್ದಿ ಓದುವವನಿಗೆ ಅಷ್ಟು ಸಾಕು. ತೋಟಾ ತುಂಬುವವನಿಗೆ ಸಾಲದು. ಅವನ ಮೇಜಿನ ಮೇಲೆ ಇವೆಲ್ಲ ಬೇರೆ ಬೇರೆ ಡಬ್ಬಿಗಳಲ್ಲಿ ಕುಳಿತಿರುತ್ತವೆ.

ಇದಕ್ಕೆಲ್ಲ ಸಂಸ್ಕೃತದಿಂದ ಪದ ಹೆಣೆಯುವ ಮೊದಲು ಮಲೆನಾಡು ಮತ್ತು ಕೊಡಗಿನ ಕೇಪಿನ ಕೋವಿಯವರನ್ನು ಕೇಳಬೇಕು ಎಂಬುದು ನನ್ನ ವಾದ. ಕೇಪಿನ ಕೋವಿ ಇಟ್ಟವರು ಪ್ರತಿ ಸಲವೂ ಕೈಯಿಂದಲೇ ತುಂಬಿದವರು. ನಳಿಗೆಯ ಬಾಯಿಂದ ಕರಿಮದ್ದು ಸುರಿದು, ಮೇಲೆ ನಾರು ತುರುಕಿ, ಗಜದಿಂದ (ಉದ್ದನೆಯ ಸಲಾಕೆಯಿಂದ) ಗಟ್ಟಿಸಿ, ಚರೆಯನ್ನೋ (ಸಣ್ಣ ಸೀಸದ ಕಾಳು) ಗುಂಡನ್ನೋ ಬಿಟ್ಟು, ಅದು ಉರುಳಿ ಬೀಳದಂತೆ ಮತ್ತೆ ನಾರು ಗಿಡಿದು, ಕೊನೆಗೆ ಹಿಂದಿನ ತೊಟ್ಟಿಗೆ ಕೇಪು, ಅಂದರೆ ಬಡಿದಾಗ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ, ತೊಡಿಸುತ್ತಿದ್ದರು. ಹೀಗೆ ಒಂದೊಂದನ್ನೂ ಬೇರೆಯಾಗಿ ಮುಟ್ಟಿದ್ದರಿಂದ ಒಂದೊಂದಕ್ಕೂ ಬೇರೆ ಹೆಸರು ಉಳಿಯಿತು. ‘ಮದ್ದುಗುಂಡು’ ಎಂಬ ಜೋಡುಪದವೇ ಮದ್ದು ಬೇರೆ, ಗುಂಡು ಬೇರೆ ಇದ್ದ ಕಾಲದ್ದು. ಕಾರ್ಖಾನೆಯ ತೋಟಾ ಬಂದ ಮೇಲೆ ನಾಲ್ಕೂ ಒಂದೇ ಹಿತ್ತಾಳೆಯೊಳಗೆ ಸೇರಿಕೊಂಡವು, ಹೆಸರೂ ಒಂದೇ ಆಯಿತು. ಗ್ಯಾರೇಜಿನಲ್ಲಿ ತೋಟಾ ತುಂಬುವ ನಮ್ಮ ಮಿತ್ರರು ಅವನ್ನು ಮತ್ತೆ ಬಿಡಿಸಿ ಇಟ್ಟಿದ್ದಾರೆ, ಹಾಗಾಗಿ ಹಳೆಯ ಹೆಸರುಗಳೇ ಒಪ್ಪುತ್ತವೆ.

ಸದ್ಯಕ್ಕೆ ಹೀಗೆ ಇಟ್ಟುಕೊಂಡಿದ್ದೇನೆ. ಇಡಿಯಾದದ್ದು ತೋಟಾ. ಮುಂದೆ ಹಾರುವುದು ಮಾತ್ರ ಗುಂಡು. ಒಳಗಿನ ಪುಡಿ ಮದ್ದು. ಹೊಗೆಯಿಲ್ಲದ ಈ ಕಾಲದ ಪುಡಿಯನ್ನು ಹಳೆಯದರಿಂದ ಬೇರ್ಪಡಿಸಬೇಕಾದಲ್ಲಿ ಹಳೆಯದಕ್ಕೆ ಕರಿಮದ್ದು. ಹಿಂಭಾಗದ ಕಿಡಿಯ ಬಟ್ಟಲು ಕೇಪು. ಖಾಲಿ ಕೊಳವೆಗೆ ಇಲ್ಲಿಯ ಹವ್ಯಾಸಿಗಳು ಬರಿದೆ ‘ಹಿತ್ತಾಳೆ’ ಎನ್ನುತ್ತಾರೆ. ಊರಿನಲ್ಲಿ ‘ಖಾಲಿ ತೋಟಾ’ ಎನ್ನುವುದನ್ನು ಕೇಳಿದ್ದೇನೆ. ಅದಕ್ಕಿಂತ ಚುರುಕಾದ ಪದ ಯಾರಲ್ಲಾದರೂ ಇದೆಯೇ? ಇನ್ನೊಂದು ತೊಡಕು: ಹೊಳೆಗೆ ಸಿಡಿಸಿ ಮೀನು ಹಿಡಿಯುವುದಕ್ಕೂ ‘ತೋಟೆ’ ಎನ್ನುವುದುಂಟು. ತೆಲುಗಿನಲ್ಲಿ ತೂಟಾ, ತಮಿಳಿನಲ್ಲಿ ತೋಟ್ಟಾ ಇರುವುದರಿಂದ ಕೋವಿಯ ಅರ್ಥ ಗಟ್ಟಿ ಎಂದು ನಂಬಿದ್ದೇನೆ. ‘ಕಾಡತೂಸು’ ಕೂಡ ಒಳ್ಳೆಯ ಪದವೇ, ಈಗಿನ ಓದುಗರಿಗೆ ದೂರವಾಗಿದೆ ಅಷ್ಟೇ.

ತುಂಬುವ ಕ್ರಿಯೆಗೆ ‘ಬಾರು ಮಾಡು’ ಇದ್ದೇ ಇದೆ. ಒಮ್ಮೆ ಹಾರಿಸುವುದಕ್ಕೆ ‘ಈಡು’. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಎಂಬ ರೂಢಿ ಎಲ್ಲರಿಗೂ ಗೊತ್ತಿರುವುದೇ. ಅಲ್ಲಿ ‘ಎರಡು ಗುಂಡು’ ಎಂದರೆ ಮಾತು ಕೆಡುತ್ತದೆ. ಅದು ಸದ್ದಿನ ಲೆಕ್ಕ, ಸೀಸದ ಲೆಕ್ಕವಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಮಿಸ್‌ಫೈರ್’. ಕನ್ನಡ ಪತ್ರಿಕೆಗಳಲ್ಲಿ ‘ಬಂದೂಕು ಮಿಸ್‌ಫೈರ್ ಆಗಿ ಒಬ್ಬರ ಸಾವು’ ಎಂಬ ಧಾಟಿಯ ಸುದ್ದಿ ಆಗಾಗ ಬರುತ್ತದೆ. ಅಲ್ಲಿ ಅರ್ಥ ಅಚಾನಕ್ಕಾಗಿ ಹಾರಿತು ಎಂದು. ಮೂಲದಲ್ಲಿ ಇದರ ಅರ್ಥ ಸರಿಯಾಗಿ ತಿರುವುಮುರುವು: ಕುದುರೆ (ಕೇಪಿಗೆ ಬಡಿಯುವ ಭಾಗ) ಬಿತ್ತು, ಈಡು ಹಾರಲಿಲ್ಲ. ಬಳಕೆಯಲ್ಲಿ ಅರ್ಥ ಬದಲಾಗುವುದು ಭಾಷೆಗೆ ಹೊಸದಲ್ಲ, ಆ ಬಗ್ಗೆ ಜಗಳವಾಡುವ ಉತ್ಸಾಹವೂ ನನಗಿಲ್ಲ. ಆದರೆ ಈ ಲೇಖನದಲ್ಲಿ ಗೊಂದಲವಾದರೆ ಯಾರದಾದರೂ ಕೈ ಹೋದೀತು. ತೋಟಾ ತುಂಬುವವನು ಮೂರು ಕೇಡುಗಳನ್ನು ಬೇರೆ ಬೇರೆಯಾಗಿ ತಿಳಿದಿರಬೇಕು. ಒಂದು, ಕೇಪೇ ಹೊತ್ತದೆ ಏನೂ ಆಗದಿರುವುದು. ಎರಡು, ಒಳಗೊಳಗೇ ಹೊತ್ತಿ ತುಸು ತಡವಾಗಿ ಹಾರುವುದು. ಇದಕ್ಕೆಂದೇ ‘ಹಾರಲಿಲ್ಲವಲ್ಲ’ ಎಂದು ನಳಿಗೆಯನ್ನು ಅತ್ತಿತ್ತ ತಿರುಗಿಸದೆ, ಗುರಿಯತ್ತಲೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ತೋಟಾದಲ್ಲಿ ಮದ್ದೇ ಬಿದ್ದಿರುವುದಿಲ್ಲ, ಕೇಪಿನ ಬಲವೊಂದೇ ಗುಂಡನ್ನು ನಳಿಗೆಯ ನಡುವಿನ ತನಕ ನೂಕಿ ಅಲ್ಲೇ ಕೂರಿಸುತ್ತದೆ. ಸದ್ದು ಸಣ್ಣದು, ಕೈಗೆ ಒದೆತವಿಲ್ಲ. ಅದನ್ನು ಗಮನಿಸದೆ ಇನ್ನೊಮ್ಮೆ ಹಾರಿಸಿದರೆ ನಳಿಗೆ ಒಡೆಯಬಹುದು.

ಈ ಮೂರನೆಯದಕ್ಕೆ ‘ಠುಸ್’ ಎಂದು ಬರೆಯಬೇಕೆಂದಿದ್ದೇನೆ. ದೀಪಾವಳಿಯ ಪಟಾಕಿಯಿಂದ ಬಂದ ಪದ, ಯಾರಿಗೂ ವಿವರಿಸಬೇಕಿಲ್ಲ. ಎರಡನೆಯದಕ್ಕೆ ‘ತಡ ಈಡು’ ಎಂದರೆ ಹೇಗೆ? ಮೊದಲನೆಯದಕ್ಕೆ ‘ಕೇಪು ಹೊತ್ತಲಿಲ್ಲ’ ಎಂಬ ಇಡೀ ವಾಕ್ಯವೇ ಸಾಕು. ಎಲ್ಲಕ್ಕೂ ನಾಮಪದ ಬೇಕೆಂಬ ಹಟ ನನ್ನದಲ್ಲ.

‘ಮ್ಯಾಗ್ನಮ್’ ಬಗ್ಗೆ ಎರಡು ಮಾತು. ಎಷ್ಟೋ ಜನ ಇದನ್ನು ಯಾವುದೋ ಕಂಪನಿಯ ಹೆಸರೆಂದು ತಿಳಿದಿದ್ದಾರೆ. ದ್ರಾಕ್ಷಾರಸದ ಒಂದೂವರೆ ಲೀಟರಿನ ದೊಡ್ಡ ಸೀಸೆಗೆ ಇರುವ ಹೆಸರನ್ನು ಇಂಗ್ಲಿಷ್ ಕೋವಿಗಾರರು ಹೆಚ್ಚು ಬಲದ ತೋಟಾಕ್ಕೆ ಅಂಟಿಸಿದರು. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ .357 ಮ್ಯಾಗ್ನಮ್ ರಿವಾಲ್ವರನ್ನು ಮಾರುಕಟ್ಟೆಗೆ ತಂದಾಗ, ಹಳೆಯ .38 ಸ್ಪೆಷಲ್ ತೋಟಾದ ಕೊಳವೆಯನ್ನೇ ಸುಮಾರು 3 ಮಿಲಿಮೀಟರ್ ಉದ್ದ ಮಾಡಿತ್ತು. ಬಲವಾದ ತೋಟಾ ಹಳೆಯ ರಿವಾಲ್ವರಿನೊಳಗೆ ಕೂರದಿರಲಿ ಎಂಬುದೇ ಆ ಉದ್ದದ ಉದ್ದೇಶ. ಸಣ್ಣದು ದೊಡ್ಡದರಲ್ಲಿ ಕೂರುತ್ತದೆ, ದೊಡ್ಡದು ಸಣ್ಣದರಲ್ಲಿ ಕೂರುವುದಿಲ್ಲ. ತಮಾಷೆಯೆಂದರೆ .38 ಸ್ಪೆಷಲ್‌ನ ಗುಂಡಿನ ಅಡ್ಡಳತೆಯೂ .357 ಅಂಗುಲವೇ. ಹೆಸರಿನ ಅಂಕಿಯನ್ನು ನಂಬಿ ಅಳತೆ ಬರೆಯಬೇಡಿ ಎಂದು ಲೇಖಕರಿಗೆ ತಿಳಿಸಿದ್ದೇನೆ. ಹಿರಿದಾದ ಬಾರು ಇರುವುದರಿಂದ, ಹೆಬ್ಬಾಗಿಲು, ಹೆಬ್ಬಾವುಗಳ ಜಾಡಿನಲ್ಲಿ ಇದನ್ನು ‘ಹೆಬ್ಬಾರು’ ಎನ್ನಬಹುದು. ಕೂಟದಲ್ಲಿ ಹೆಬ್ಬಾರ್ ಮನೆತನದವರು ಸಾಕಷ್ಟಿರುವುದರಿಂದ ಆ ಆಸೆ ಕೈಬಿಟ್ಟು ‘ಮ್ಯಾಗ್ನಮ್’ ಎಂದೇ ಉಳಿಸಿಕೊಂಡಿದ್ದೇನೆ.

ಅಂಕಿಗಳ ಜತೆ ‘ಬೋರು’ ಎಂಬುದೂ ಬೆರೆತುಹೋಗಿದೆ. ಹನ್ನೆರಡು ಬೋರಿನ ಕೋವಿ ಎಂದರೆ, ಅದರ ನಳಿಗೆಗೆ ಸರಿಯಾಗಿ ಕೂರುವ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡ್ ಆಗುತ್ತವೆ ಎಂದರ್ಥ. ಆದ್ದರಿಂದಲೇ ಇಪ್ಪತ್ತು ಬೋರು ಹನ್ನೆರಡಕ್ಕಿಂತ ಸಣ್ಣದು. ‘.32 ಬೋರ್ ರಿವಾಲ್ವರ್’ ಎಂದು ನಮ್ಮಲ್ಲಿ ಬರೆಯುವುದು ಅಂಗುಲದ ಲೆಕ್ಕ, ಅಲ್ಲಿ ಅಂಕಿ ಏರಿದಂತೆ ನಳಿಗೆ ಹಿಗ್ಗುತ್ತದೆ. ರಿವಾಲ್ವರಿಗೆ ಬೋರು ಬೇಡ, ‘ಅಳತೆ’ ಎಂದರೆ ಸಾಕು ಎನ್ನುವುದು ನನ್ನ ಅಭಿಪ್ರಾಯ.

ತೂಕದಲ್ಲಿ ನಮಗೊಂದು ಅನುಕೂಲ ಸಿಕ್ಕಿತು. ಗುಂಡನ್ನೂ ಮದ್ದನ್ನೂ ಇಲ್ಲಿ ‘ಗ್ರೇನ್’ ಎಂಬ ಸಣ್ಣ ತೂಕದ ಲೆಕ್ಕದಲ್ಲಿ ತೂಗುತ್ತಾರೆ. ಬ್ರಿಟಿಷ್ ಭಾರತದ ತೊಲ 180 ಗ್ರೇನ್ ಎಂದು 1833ರಲ್ಲಿ ನಿಗದಿಯಾಗಿತ್ತು. ಈ ರಿವಾಲ್ವರಿಗೆ ರೂಢಿಯಲ್ಲಿರುವ 158 ಗ್ರೇನ್ ಗುಂಡು ಹಾಗಾದರೆ ತೊಲಕ್ಕೆ ತುಸು ಕಡಿಮೆ. ಮದ್ದಿನ ವಿಷಯದಲ್ಲಿ ಮಾತ್ರ ಈ ಚಿನಿವಾರಿಕೆ ಬೇಡವೇ ಬೇಡ. ಅಲ್ಲಿ ಗ್ರೇನ್ ಗ್ರೇನ್ ಆಗಿಯೇ ಇರಲಿ. .38ರ ಕೊಳವೆ ಕರಿಮದ್ದಿನ ಕಾಲದಲ್ಲಿ ಹುಟ್ಟಿದ್ದು. ಈಗಿನ ಮದ್ದನ್ನು ಮರೆತು ಎರಡು ಸಲ ಸುರಿದರೂ ಉಕ್ಕದೆ ಒಳಗೇ ಅಡಗುವಷ್ಟು ಜಾಗ ಅದರಲ್ಲಿದೆ, ಹಾಗಾದರೆ ರಿವಾಲ್ವರೇ ಸಿಡಿದೀತು.

ಇನ್ನು ರಿವಾಲ್ವರಿನ ಅಂಗಗಳು. ತಿರುಗುವ ಭಾಗಕ್ಕೆ ‘ಉರುಳೆ’, ಅದರೊಳಗಿನ ಆರು ತೂತುಗಳಿಗೆ ಚೌಕಾಬಾರದಲ್ಲಿ ಹೇಳುವಂತೆ ‘ಮನೆ’ ಎಂದಿಟ್ಟಿದ್ದೇನೆ. ‘ಉರುಳೆಯ ಪ್ರತಿ ಮನೆಯೂ ನಳಿಗೆಗೆ ನೇರವಾಗಿ ನಿಂತು ಬೀಗ ಬೀಳುತ್ತದೆಯೇ, ಹಿಂದೆ ಮುಂದೆ ಅಲುಗಾಟವಿದೆಯೇ ನೋಡಬೇಕು’ ಎಂದು ಬರೆದರೆ ಹಳೆಯ ರಿವಾಲ್ವರ್ ಕೊಳ್ಳುವವನಿಗೆ ತಿಳಿಯುತ್ತದೆ. ಗುಂಡು ಕೂರಿಸಿದ ಮೇಲೆ ಕೊಳವೆಯ ಅಂಚನ್ನು ಒಳಕ್ಕೆ ಮಡಿಸುವುದಕ್ಕೆ ‘ಬಾಯಿ ಬಿಗಿಯುವುದು’. ಮ್ಯಾಗ್ನಮ್‌ನ ಒದೆತಕ್ಕೆ ಪಕ್ಕದ ಮನೆಗಳ ಗುಂಡುಗಳು ಮುಂದಕ್ಕೆ ಜಾರಿ ಉರುಳೆಯನ್ನೇ ತಡೆಯಬಹುದು, ಅದಕ್ಕೆಂದೇ ಈ ಬಿಗಿ.

ತೀರ್ಮಾನವಾಗದೆ ಉಳಿದಿರುವುದು ‘ಕುದುರೆ’. ‘ಕುದುರೆ ಎಳೆದ’ ಎಂದಾಗ ಕೆಲವರು ಬೆರಳಿಗೆ ಸಿಗುವ ಕೆಳಗಿನ ಕೊಂಡಿಯನ್ನು ಹೇಳುತ್ತಾರೆ, ಕೆಲವರು ಹಿಂದೆ ಮೇಲಕ್ಕೆ ಚಾಚಿಕೊಂಡು ಬಂದು ಕೇಪಿಗೆ ಬಡಿಯುವುದನ್ನು. ನಾನು ಮೇಲೆ ಬಳಸಿರುವುದು ಎರಡನೆಯ ಅರ್ಥದಲ್ಲಿ. ರಿವಾಲ್ವರಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಎಳೆಯಬಹುದು: ಹೆಬ್ಬೆರಳಿನಿಂದ ಮೇಲಿನದನ್ನು ಹಿಂದಕ್ಕೆಳೆದು ನಿಲ್ಲಿಸಿದರೆ ಕೆಳಗಿನದು ತೋರುಬೆರಳಿನ ಹಗುರ ಒತ್ತಿಗೇ ಬಿಡುತ್ತದೆ, ಹಾಗೆ ಮಾಡದಿದ್ದರೆ ಕೆಳಗಿನದನ್ನೇ ಉದ್ದಕ್ಕೆ, ಭಾರವಾಗಿ ಎಳೆಯಬೇಕು. ಲೇಖನದ ಒಂದಿಡೀ ಭಾಗ ಈ ವ್ಯತ್ಯಾಸದ ಮೇಲೆಯೇ ನಿಂತಿದೆ. ಮನೆಯಲ್ಲಿ ಕೇಪಿನ ಕೋವಿ ಇದ್ದವರು, ಅದರಲ್ಲೂ ಕೊಡಗು, ತೀರ್ಥಹಳ್ಳಿ, ಶಿರಸಿ ಕಡೆಯವರು, ನಿಮ್ಮಲ್ಲಿ ಕುದುರೆ ಯಾವುದು, ಇನ್ನೊಂದಕ್ಕೆ ಹೆಸರೇನು ಎಂದು ದಯವಿಟ್ಟು ತಿಳಿಸಿ. ಬಯಲುಸೀಮೆಯ ಬಂದೂಕಿನವರ ಪದ ಬೇರೆ ಇದ್ದರೆ ಅದನ್ನೂ ಬರೆಯಿರಿ. ಸಂಚಿಕೆ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.