ಸಜ್ಜೆ ರಸಮೇವಿನಲ್ಲಿ ದುರ್ವಾಸನೆ, ಹಸುಗಳು ಮೂಸಿ ಬಿಡುತ್ತಿವೆ: ಪರಿಹಾರವೇನು?

ಪ್ರಶ್ನೆ: ಕುಷ್ಟಗಿ ಕಡೆಯ ನಮ್ಮ ಮಸಾರಿ ಹೊಲದಲ್ಲಿ ಬೆಳೆದ ಮೇವಿನ ಸಜ್ಜೆಯನ್ನು, ಎಳೆಯದರಲ್ಲಿ ಪ್ರೋಟೀನ್ ಹೆಚ್ಚೆಂದು ತೆನೆ ಹೊರಬರುವ ಮೊದಲೇ ಕೊಯ್ದು, ಅಂದೇ ಕತ್ತರಿಸಿ ರಸಮೇವಿಗಾಗಿ (ಸೈಲೇಜ್, ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿ ಕಾಪಿಡುವ ಹಸಿ ಮೇವು) ಚೀಲಗಳಲ್ಲಿ ತುಂಬಿದ್ದೆವು. ಈಗ ಬಿಚ್ಚಿದರೆ ತಳದಲ್ಲಿ ಕಂದು ನೀರು ನಿಂತಿದೆ, ಮೇವು ಅಂಟಂಟಾಗಿದ್ದು ಹಳಸಿದ ಬೆಣ್ಣೆಯ ನಾತ ಬರುತ್ತಿದೆ.

ಉತ್ತರ: ಆ ನಾತ ಬ್ಯೂಟಿರಿಕ್ ಆಮ್ಲದ್ದು. ತೆನೆಗೆ ಮುಂಚಿನ ಸಜ್ಜೆಯಲ್ಲಿ ಶುಷ್ಕಾಂಶ (ನೀರು ಕಳೆದು ಉಳಿಯುವ ಭಾಗ) ಸಾಮಾನ್ಯವಾಗಿ ಶೇ 15ರಿಂದ 20ರಷ್ಟು ಮಾತ್ರ. ರಸಮೇವಿಗೆ ಶೇ 30ರಿಂದ 35 ಬೇಕು. ನೀರು ಹೆಚ್ಚಾದಾಗ ಸಕ್ಕರೆ ತೆಳುವಾಗಿ, ಮೇವನ್ನು ಕೆಡದಂತೆ ಕಾಯುವ ಲ್ಯಾಕ್ಟಿಕ್ ಆಮ್ಲ ಸಾಕಷ್ಟು ಬೇಗ ಹುಟ್ಟದೆ, ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ನೀವು ಉಳಿಸಹೊರಟ ಪ್ರೋಟೀನನ್ನೇ ಅಮೋನಿಯಾ ಮಾಡಿಬಿಡುತ್ತವೆ. ಕಾಳು ಹಾಲುಗಟ್ಟಿ ಹಿಟ್ಟಾಗುವ ಹಂತದವರೆಗೆ ಕಾದರೆ ಪ್ರೋಟೀನ್ ಶೇ 7–8ಕ್ಕೆ ಇಳಿಯಬಹುದಾದರೂ, ಉಳಿಯುವ ಮೇವು ದನಕ್ಕೆ ದಕ್ಕುತ್ತದೆ. ಬೇಗ ಕೊಯ್ಯಲೇಬೇಕಾದರೆ ಅರ್ಧ ದಿನದಿಂದ ಒಂದು ದಿನ ಹೊಲದಲ್ಲೇ ಬಾಡಿಸಿರಿ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಬಿಟ್ಟಾಗ ರಸ ತೊಟ್ಟಿಕ್ಕದೆ, ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ತುಂಬಬಹುದು. ಟನ್ನಿಗೆ ಸುಮಾರು 20 ಕೆಜಿ ಕಾಕಂಬಿ ಬೆರೆಸುವುದು ಒಳ್ಳೆಯದೇ, ಆದರೆ ಬಾಡಿಸುವ ಕೆಲಸವನ್ನು ಕಾಕಂಬಿ ಮಾಡಲಾರದು.

ಕೆಟ್ಟ ಚೀಲಗಳನ್ನು ಗೊಬ್ಬರದ ಗುಂಡಿಗೆ ಹಾಕಿರಿ. ಕರು ಹಾಕಲಿರುವ ಮತ್ತು ಹೊಸದಾಗಿ ಕರು ಹಾಕಿದ ಹಸುಗಳಿಗಂತೂ ಬೇಡ, ಮೇವು ಬಿಟ್ಟು ಹಾಲು ಇಳಿಸುವ ಕಾಯಿಲೆಯಾದ ಕೀಟೋಸಿಸ್‌ನ ಅಪಾಯವಿದೆ.

ಮರುಪ್ರಶ್ನೆ: ಮಳೆ ಕೈಕೊಟ್ಟು ಬಾಡಿದ ಕೂಳೆ ಬೆಳೆಯೂ ಇದೆ. ಜೋಳದ ಹಾಗೆ ವಿಷವಾಗುವುದೇ? ಅಲಸಂದೆಯನ್ನು ಸೇರಿಸಿ ತುಂಬಬಹುದೇ?

ಉತ್ತರ: ಜೋಳದ ಎಳೆಯ ಕೂಳೆಯಲ್ಲಿರುವ ಸಯನೈಡ್ ಭಯ ಸಜ್ಜೆಗಿಲ್ಲ, ಮೇವಾಗಿ ಅದರ ದೊಡ್ಡ ಗುಣವೇ ಅದು. ಇಲ್ಲಿನ ಅಪಾಯ ನೈಟ್ರೇಟ್. ಯೂರಿಯಾ ಹೆಚ್ಚು ಕೊಟ್ಟ ಹೊಲದಲ್ಲಿ ಬರ ಬಿದ್ದರೆ ಅದು ದಂಟಿನ ಬುಡದಲ್ಲಿ ಶೇಖರವಾಗುತ್ತದೆ, ಆದ್ದರಿಂದ ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ, ಮಳೆ ಬಂದ ಕೂಡಲೇ ಕುಡುಗೋಲು ಹಾಕದೆ ಒಂದು ವಾರ ತಾಳಿರಿ. ರಸಮೇವಾದಾಗ ನೈಟ್ರೇಟ್ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಅನುಮಾನವಿದ್ದರೆ ಪರೀಕ್ಷಿಸಿಯೇ ತಿನ್ನಿಸಿರಿ. ಅಲಸಂದೆ ಪ್ರೋಟೀನ್ ಹೆಚ್ಚಿಸುವುದು ನಿಜ, ಆದರೆ ದ್ವಿದಳ ಮೇವು ಹುಳಿಯಾಗಲು ಸುಲಭವಾಗಿ ಬಿಡುವುದಿಲ್ಲ. ನನ್ನ ಮಟ್ಟಿಗೆ, ಈ ಸಲ ಚೀಲಕ್ಕೆ ಬರೀ ಸಜ್ಜೆ ತುಂಬಿ, ಅಲಸಂದೆಯನ್ನು ಹಸಿಯಾಗಿಯೇ ಗೋದಲಿಗೆ ಹಾಕುವುದು ಮೇಲು.