ಅಯೋವಾದಲ್ಲಿ ಕೂತವರಿಗೆ ಆರು ಟೀಮುಗಳ ಮ್ಯಾಚ್ ಯಾಕೆ ಕಾಣುವುದಿಲ್ಲ?

ಬಿಜೈ ಅಮ್ಮ, ಮಂಗಳೂರು:

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದವಳು ಐದು ತಿಂಗಳು ಇದ್ದು ಹೋದ ವಾರವಷ್ಟೇ ಬಂದೆ. ಅಯೋವಾ ರಾಜ್ಯದ ಡಿಮೊಯ್ನ್ ಊರು. ಕಾರಿನಲ್ಲಿ ಹತ್ತು ನಿಮಿಷ ಹೋದರೆ ಜೋಳದ ಗದ್ದೆ ಬಿಟ್ಟು ಬೇರೆಂತದೂ ಇಲ್ಲ. ಅಳಿಯ ಸುರತ್ಕಲ್‌ನವನು, ಷಿಕಾಗೋದಲ್ಲಿ ಓದಿದವನಾದ್ದರಿಂದ ಅಲ್ಲಿಯ ಬೇಸ್‌ಬಾಲ್ ಟೀಮು ಕಬ್ಸ್ ಅಂದರೆ ಅವನಿಗೆ ಜೀವ. ಇಡೀ ವರ್ಷದ ದುಡ್ಡು ಕಟ್ಟಿ, ಮ್ಯಾಚ್ ತೋರಿಸುವ ಬೇಸ್‌ಬಾಲ್ ಲೀಗಿನ ಆ್ಯಪ್ ಹಾಕಿಸಿಕೊಂಡಿದ್ದಾನೆ. ಬೋಸ್ಟನ್ನಿನ ಮ್ಯಾಚ್ ಬರುತ್ತದೆ, ಸಿಯಾಟಲ್‌ನದ್ದು ಬರುತ್ತದೆ. ಕಬ್ಸ್ ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗಿ, ನಿಮ್ಮ ಪ್ರದೇಶದಲ್ಲಿ ಈ ಪಂದ್ಯ ಸಿಗುವುದಿಲ್ಲ ಅಂತ ಬರಹ ಬರುತ್ತದೆ.

ಷಿಕಾಗೋ ಅಲ್ಲಿಂದ ಐನೂರು ಕಿಲೋಮೀಟರಿಗೂ ದೂರ. ನಮಗೆ ಇಲ್ಲಿಂದ ಬೆಂಗಳೂರು ಮುನ್ನೂರೈವತ್ತು. ಅಷ್ಟು ದೂರದ ಟೀಮು ‘ನಿಮ್ಮ ಊರಿನದ್ದು’ ಆಗುವುದು ಹೇಗೆ? ಕಬ್ಸ್ ಒಂದೇ ಅಲ್ಲ. ವೈಟ್ ಸಾಕ್ಸ್, ಸೇಂಟ್ ಲೂಯಿಸ್, ಕಾನ್ಸಸ್ ಸಿಟಿ, ಮಿನ್ನೆಸೋಟ, ಮಿಲ್ವಾಕಿ ಸೇರಿ ಒಟ್ಟು ಆರು ಟೀಮಿಗೆ ತಡೆ. ಅಳಿಯನ ಹತ್ತಿರ ಕೇಳಿದೆ. “ಅದು ರೀಜನಲ್ ಸ್ಪೋರ್ಟ್ಸ್ ಚಾನೆಲ್‌ಗಳ ಕಥೆ ಅತ್ತೆ, ಹೇಳಿದರೆ ಮುಗಿಯುವುದಿಲ್ಲ” ಅಂತ ಎದ್ದು ಮಗುವಿನ ಬಟ್ಟೆ ಬದಲಿಸಲಿಕ್ಕೆ ಹೋದ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನೂ ಆ ಆಟ ನೋಡಲಿಕ್ಕೆ ಕಲಿತಿದ್ದೇನೆ, ಹಾಗಾಗಿ ತಿಳಿಯಬೇಕು ಅಂತ ಆಸೆ. ಯಾರಿಗಾದರೂ ಗೊತ್ತುಂಟಾ?

ಕಟಪಾಡಿ ಕೇಬಲ್:

ಅಕ್ಕ, ನಾನು 1993ರಿಂದ 2021ರ ವರೆಗೆ ಕಟಪಾಡಿಯಲ್ಲಿ ಕೇಬಲ್ ನಡೆಸಿದವನು. ಶುರುವಿಗೆ 41 ಮನೆ, ಜಾಸ್ತಿ ಅಂದರೆ 340. ನಿಮ್ಮ ಅಳಿಯ ಹೇಳಿದ್ದು ಹೌದು, ಅದು ಉದ್ದದ ಕಥೆ. ಆದರೂ ಹೇಳುತ್ತೇನೆ. ಅಮೆರಿಕದವರ ಜಗಳವೂ ನಾನು ಇಪ್ಪತ್ತೆಂಟು ವರ್ಷ ಮನೆ ಮನೆ ಮೆಟ್ಟಿಲಲ್ಲಿ ಮಾಡಿದ ಜಗಳವೂ ಒಂದೇ: ನೋಡದವನ ಹತ್ತಿರ ದುಡ್ಡು ತೆಗೆದುಕೊಳ್ಳಬಹುದಾ?

ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಅಲ್ಲಿ ದೊಡ್ಡ ಬೇಸ್‌ಬಾಲ್ ಟೀಮುಗಳು 30. ಒಂದೊಂದಕ್ಕೂ ಇಂತಿಷ್ಟು ಸೀಮೆ ಅಂತ ಗೆರೆ ಎಳೆದು ಕೊಟ್ಟಿದ್ದಾರೆ. ಆ ಸೀಮೆಯೊಳಗೆ ಟೀಮಿನ ಮ್ಯಾಚ್ ತೋರಿಸುವ ಹಕ್ಕನ್ನು ಅಲ್ಲಿಯ ಪ್ರಾದೇಶಿಕ ಚಾನೆಲ್ ಕೊಂಡಿರುತ್ತದೆ, ‘ಬೇರೆ ಯಾರೂ ತೋರಿಸಬಾರದು’ ಎಂಬ ಕರಾರಿನ ಮೇಲೆ. ಲೀಗಿನ ಆ್ಯಪ್ ಇರುವುದು ಗೆರೆಯ ಹೊರಗಿನವರಿಗೆ. ಅಯೋವಾಕ್ಕೆ ತನ್ನದೇ ಟೀಮು ಇಲ್ಲ, ಹಾಗಾಗಿ ಸುತ್ತಲಿನ ಆರೂ ಟೀಮುಗಳು ಅದನ್ನು ತಮ್ಮ ಸೀಮೆ ಅಂತ ಬರೆಸಿಕೊಂಡವು. ನಿಮ್ಮ ಬೀದಿಯ ಕೇಬಲ್‌ನವನು ಆ ಚಾನೆಲ್ ಹಾಕಿದ್ದಾನಾ ಇಲ್ಲವಾ ಅಂತ ಆ ಗೆರೆ ಕೇಳುವುದಿಲ್ಲ. ಅನ್ಯಾಯ ಇರುವುದು ಅಲ್ಲಿಯೇ.

ಈ ಚಾನೆಲ್‌ಗಳು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಮ್ಯಾನ್‌ಹಟನ್‌ನ ಎತ್ತರದ ಕಟ್ಟಡಗಳ ನಡುವೆ ಆಂಟೆನಾಕ್ಕೆ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ. ಚಾರ್ಲ್ಸ್ ಡೋಲನ್ ಎಂಬವರು ರಸ್ತೆಯಡಿ ಕೇಬಲ್ ಎಳೆದರು. ಆದರೆ ಚಿತ್ರ ಚಂದ ಕಾಣುತ್ತದೆ ಅಂತ ಮಾತ್ರಕ್ಕೆ ಜನ ತಿಂಗಳು ತಿಂಗಳು ದುಡ್ಡು ಕೊಡುವುದಿಲ್ಲ, ಇದು ನನ್ನ ಅನುಭವವೂ ಹೌದು. ಬೇರೆಲ್ಲೂ ಸಿಗದ್ದು ಏನಾದರೂ ಬೇಕು. 1969ರಲ್ಲಿ ಅವರು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಿಂದ ನಿಕ್ಸ್ ತಂಡದ ಬಾಸ್ಕೆಟ್‌ಬಾಲ್, ರೇಂಜರ್ಸ್ ತಂಡದ ಐಸ್ ಹಾಕಿ ತಮ್ಮ ಲೈನಿಗೆ ತಂದರು. ಆ ಗಾರ್ಡನ್ ಹೆಸರಿನ ಎಂಎಸ್‌ಜಿ ನೆಟ್‌ವರ್ಕ್ ಎಂಬ ಚಾನೆಲ್‌ನ ಬೇರು ಇದು. ಎಚ್‌ಬಿಒ ಕೂಡ ಇದೇ ಡೋಲನ್ ಕಟ್ಟಿದ್ದು. 1972ರ ನವೆಂಬರ್ 8ರ ರಾತ್ರಿ ಅದು ಶುರುವಾದಾಗ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಊರಿನಲ್ಲಿ ಬರೀ 365 ಮನೆ, ತೋರಿಸಿದ್ದು ಒಂದು ಹಾಕಿ ಮ್ಯಾಚು. ಇದನ್ನು ಮೊದಲ ಸಲ ಓದಿದ ದಿನ ನಾನು ನನ್ನ ಹಳೆಯ ಕಲೆಕ್ಷನ್ ಪುಸ್ತಕ ತೆಗೆದು ನೋಡಿದ್ದೆ. ನನ್ನ ಲೈನಿಗಿಂತ 25 ಮನೆ ಹೆಚ್ಚು, ಅಷ್ಟೆ.

ಆಮೇಲೆ ಒಂದರ ಹಿಂದೆ ಒಂದು ಬಂದವು. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರಿಸಮ್, 1979ರಲ್ಲಿ ನ್ಯೂಯಾರ್ಕಿಗೆ ಡೋಲನ್‌ರದ್ದೇ ಸ್ಪೋರ್ಟ್ಸ್‌ಚಾನೆಲ್, 1984ರಲ್ಲಿ ಬೋಸ್ಟನ್ ಕಡೆಗೆ ನೆಸನ್, 1985ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ರೈಮ್ ಟಿಕೆಟ್. ಕೊನೆಯದ್ದನ್ನು ಕಟ್ಟಿದ್ದು ಅಲ್ಲಿಯ ಬಾಸ್ಕೆಟ್‌ಬಾಲ್ ಟೀಮು ಲೇಕರ್ಸ್‌ನ ಯಜಮಾನ ಜೆರ್ರಿ ಬಸ್ ಮತ್ತು ಕೇಬಲ್ ಉದ್ಯಮದ ಹಿರಿಯ ಬಿಲ್ ಡೇನಿಯಲ್ಸ್. 1996ರಲ್ಲಿ ಫಾಕ್ಸ್ ಬಂದು ಇಂಥವನ್ನೆಲ್ಲ ಒಂದು ಹೆಸರಿನಡಿ ಪೋಣಿಸಲು ಶುರು ಮಾಡಿತು.

ಚಾನೆಲ್‌ಗೆ ಬೇಸ್‌ಬಾಲ್ ಯಾಕೆ ಅಷ್ಟು ಮುಖ್ಯ ಅಂದರೆ ಒಂದು ಟೀಮು ಸೀಸನ್‌ಗೆ 162 ಮ್ಯಾಚ್ ಆಡುತ್ತದೆ. ಆರು ತಿಂಗಳು ಹೆಚ್ಚುಕಮ್ಮಿ ದಿನಾ ಒಂದು. ಇಡೀ ದೇಶಕ್ಕೆ ತೋರಿಸುವ ಚಾನೆಲ್‌ಗಳಿಗೆ ಅಷ್ಟು ಜಾಗ ಇಲ್ಲ. ಊರಿನ ಚಾನೆಲ್‌ಗಾದರೆ ಅದೇ ಅನ್ನ.

ಈಗ ದುಡ್ಡಿನ ವಿಷಯ. ನೆಸನ್‌ನಂಥ ಚಾನೆಲ್‌ಗಳನ್ನು ಮೊದಲು ಬೇಕಾದವರು ಮಾತ್ರ ಹೆಚ್ಚು ಕೊಟ್ಟು ಹಾಕಿಸಿಕೊಳ್ಳುತ್ತಿದ್ದರು. ನಿಧಾನಕ್ಕೆ ಅವು ಎಲ್ಲರ ಪ್ಯಾಕಿನೊಳಗೆ ಸೇರಿದವು. ಲೆಕ್ಕ ಸರಳ. ಹತ್ತು ಮನೆಯಲ್ಲಿ ಇಬ್ಬರು ನೋಡುವವರು ಅಂತ ಇಟ್ಟುಕೊಳ್ಳಿ. ಹತ್ತೂ ಮನೆ ಎರಡೆರಡು ಡಾಲರ್ ಕೊಟ್ಟರೆ ಇಪ್ಪತ್ತು. ಆ ಇಬ್ಬರಿಂದಲೇ ಇಪ್ಪತ್ತು ಎತ್ತಬೇಕಾದರೆ ತಲಾ ಹತ್ತು ಹಾಕಬೇಕು, ಹತ್ತು ಅಂದ ಕೂಡಲೇ ಅವರಲ್ಲೊಬ್ಬ ಬೇಡ ಅನ್ನುತ್ತಾನೆ. 2002ರಲ್ಲಿ ನ್ಯೂಯಾರ್ಕಿನ ಬೇಸ್‌ಬಾಲ್ ಟೀಮು ಯಾಂಕೀಸ್‌ನ ಯೆಸ್ ಚಾನೆಲ್ ಬಂದಾಗ ಇದೇ ಯುದ್ಧ. ಎಲ್ಲ ಮನೆಗೂ ಹಾಕಿ, ಮನೆಗೆ ಸುಮಾರು ಎರಡು ಡಾಲರ್ ಕೊಡಿ ಅಂತ ಯೆಸ್. ಬೇಕಾದವರಿಗೆ ಮಾತ್ರ ಮಾರುತ್ತೇವೆ ಅಂತ ಡೋಲನ್ ಕುಟುಂಬದ ಕೇಬಲ್ ಕಂಪನಿ ಕೇಬಲ್‌ವಿಷನ್. ಇಬ್ಬರೂ ಬಗ್ಗಲಿಲ್ಲ. ಸುಮಾರು 30 ಲಕ್ಷ ಮನೆಗಳಿಗೆ ಆ ಚಾನೆಲ್ಲೇ ಇಲ್ಲದೆ ಇಡೀ ಸೀಸನ್ ಕಳೆಯಿತು. 2003ರಲ್ಲಿ ರಾಜಿಯಾಯಿತು.

ಇಬ್ಬರ ಮಾತಿನಲ್ಲೂ ನ್ಯಾಯ ಉಂಟು ಅಂತ ನನಗೆ ಗೊತ್ತು. ಯಾಕೆಂದರೆ ನನ್ನ ಲೈನಿನಲ್ಲಿ ಒಬ್ಬರು ಅಜ್ಜಿ ಇದ್ದರು. ರೈಸ್ ಮಿಲ್ಲಿನ ಹಿಂದಿನ ಓಣಿ, ಹಂಚಿನ ಮನೆ, ಒಬ್ಬರೇ. ಬೆಳಿಗ್ಗೆ ಭಜನೆ, ಸಂಜೆ ಲೋಕಲ್ ಚಾನೆಲ್‌ನಲ್ಲಿ ಯಕ್ಷಗಾನ, ಇಷ್ಟೇ ಅವರು ನೋಡುತ್ತಿದ್ದದ್ದು. ವರ್ಷಗಟ್ಟಲೆ ಅವರೂ ಎಲ್ಲರ ಹಾಗೆ ತಿಂಗಳ ದುಡ್ಡು ಕೊಟ್ಟರು, ಅದರಲ್ಲಿ ಕ್ರಿಕೆಟ್ ಚಾನೆಲ್‌ಗಳ ಪಾಲೂ ಇತ್ತು. 2019ರಲ್ಲಿ ಟಿವಿ, ಫೋನ್ ದರದ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ ಟ್ರಾಯ್ ಹೊಸ ನಿಯಮ ತಂದಿತಲ್ಲ: ನೂರು ಚಾನೆಲ್‌ಗೆ 130 ರೂಪಾಯಿ, ಮೇಲೆ ತೆರಿಗೆ, ಪೇ ಚಾನೆಲ್ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಿ ಅಂತ. ಫಾರ್ಮು ಹಿಡಿದು ಅವರ ಜಗಲಿಯಲ್ಲಿ ಕೂತೆ. ಒಂದೊಂದೇ ಹೆಸರು ಓದಿದೆ. ಸ್ಪೋರ್ಟ್ಸ್ ಬಂದಾಗ “ಇದು ಆಟದ್ದು” ಅಂದೆ. ಅವರ ಕಣ್ಣು ಅರಳಿತು. ಆಟ ಅಂದರೆ ಅವರಿಗೆ ಯಕ್ಷಗಾನ. ಅಲ್ಲ ಅಜ್ಜಿ, ಕ್ರಿಕೆಟ್ ಅಂದೆ. “ಹಾಗಾದರೆ ಅದು ಎಂತಕ್ಕೆ ಮಗಾ, ತೆಗಿ” ಅಂದರು. ತೆಗೆದೆ. ಇಷ್ಟು ವರ್ಷ ಅವರಿಂದ ತೆಗೆದುಕೊಂಡದ್ದು ಆ ದಿನ ಮನಸ್ಸಿಗೆ ಚುಚ್ಚಿತು. ಅದೇ ಹೊತ್ತಿಗೆ ಇನ್ನೊಂದೂ ಗೊತ್ತಿತ್ತು: ಪಕ್ಕದ ಮನೆ ಹುಡುಗರು ಕಡಿಮೆ ದುಡ್ಡಿನಲ್ಲಿ ವರ್ಲ್ಡ್ ಕಪ್ ನೋಡಿದ್ದು ಇಂಥ ಅಜ್ಜಿಯಂದಿರಿಂದ.

ಅಮೆರಿಕದಲ್ಲಿ ಸರಕಾರ ಫಾರ್ಮು ಕೊಡಲಿಲ್ಲ, ಅಲ್ಲಿಯ ಅಜ್ಜಿಯಂದಿರು ಕೇಬಲ್ಲನ್ನೇ ಕಿತ್ತು ಹಾಕಿದರು. ಇಂಟರ್‌ನೆಟ್‌ನಲ್ಲಿ ಸಿನಿಮಾ, ಧಾರಾವಾಹಿ ಸಿಗುವಾಗ ಆ ದೊಡ್ಡ ಪ್ಯಾಕು ಯಾರಿಗೆ ಬೇಕು? ಸರಿಯಾಗಿ ಅದೇ ಹೊತ್ತಿಗೆ ಡಿಸ್ನಿ ಫಾಕ್ಸ್‌ನ ಆಸ್ತಿ ಕೊಂಡಿತು. ಇಎಸ್‌ಪಿಎನ್ ಆಗಲೇ ಡಿಸ್ನಿಯ ಕೈಯಲ್ಲಿತ್ತಾದ್ದರಿಂದ 22 ಪ್ರಾದೇಶಿಕ ಚಾನೆಲ್‌ಗಳನ್ನು ಮಾರಬೇಕು ಅಂತ ಸರಕಾರ ಹೇಳಿತು. 21ನ್ನು ಸಿಂಕ್ಲೇರ್ ಕಂಪನಿ 2019ರಲ್ಲಿ ಸುಮಾರು 1060 ಕೋಟಿ ಡಾಲರ್ ಲೆಕ್ಕಕ್ಕೆ ಕೊಂಡಿತು, ಬಹುಪಾಲು ಸಾಲದ ದುಡ್ಡು. ಮನೆಗೆ ಚಾನೆಲ್ ತಲುಪಿಸುವ ಡಿಶ್ ಕಂಪನಿ ಆ ವರ್ಷವೇ ಅವುಗಳನ್ನು ಕೈಬಿಟ್ಟಿತು, ಮರುವರ್ಷ ಇಂಟರ್‌ನೆಟ್‌ನಲ್ಲಿ ಚಾನೆಲ್ ಕೊಡುವ ಯೂಟ್ಯೂಬ್ ಟಿವಿ, ಹುಲು ಕೂಡ. 2021ರಲ್ಲಿ ಬ್ಯಾಲಿ ಸ್ಪೋರ್ಟ್ಸ್ ಅಂತ ಹೆಸರು ಬದಲಿಸಿ ನೋಡಿದರು. 2023ರ ಮಾರ್ಚ್‌ನಲ್ಲಿ ಅವುಗಳನ್ನು ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಸುಮಾರು 800 ಕೋಟಿ ಡಾಲರ್ ಸಾಲದೊಂದಿಗೆ ದಿವಾಳಿ ಕೋರ್ಟಿಗೆ ಹೋಯಿತು. ಮೇ ಕೊನೆಗೆ ಸ್ಯಾನ್ ಡಿಯಾಗೋ ಟೀಮಿನ ಪ್ರಸಾರವನ್ನು ಲೀಗೇ ವಹಿಸಿಕೊಂಡಿತು. ಗಮನಿಸಿ ಅಕ್ಕ, ಹಾಗೆ ವಹಿಸಿಕೊಂಡ ಕೂಡಲೇ ಅಲ್ಲಿಯ ತಡೆಯೂ ಹೋಯಿತು, ಊರಿನವರು ನೇರ ದುಡ್ಡು ಕಟ್ಟಿ ಆ್ಯಪ್‌ನಲ್ಲೇ ನೋಡುವ ಹಾಗಾಯಿತು. ತಡೆ ಇದ್ದದ್ದು ಚಾನೆಲ್‌ನ ಕರಾರನ್ನು ಕಾಯಲಿಕ್ಕೆ.

ಮೂಲ್ಕಿಯವ, ಪಸಡೀನಾದಿಂದ:

ಕಟಪಾಡಿ ಅಣ್ಣ ಲಾಸ್ ಏಂಜಲೀಸ್‌ನ ಸಂಗತಿ ಬಿಟ್ಟರು, ಅದನ್ನು ನಾನು ಹೇಳುತ್ತೇನೆ. ಅನುಭವಿಸಿದವನು.

ಇಲ್ಲಿಯ ಬೇಸ್‌ಬಾಲ್ ಟೀಮು ಡಾಡ್ಜರ್ಸ್, ಟೈಮ್ ವಾರ್ನರ್ ಕೇಬಲ್ ಜೊತೆ 25 ವರ್ಷಕ್ಕೆ 835 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು 2014ರಲ್ಲಿ ಸ್ಪೋರ್ಟ್ಸ್‌ನೆಟ್ ಎಲ್‌ಎ ಶುರು ಮಾಡಿತು. ಬೇರೆ ಕಂಪನಿಗಳು ಅದು ಕೇಳಿದ ದರಕ್ಕೆ ಒಪ್ಪಲಿಲ್ಲ. ನಗರದ ದೊಡ್ಡ ಪಾಲು ಮನೆಗಳಿಗೆ ಆರು ಸೀಸನ್ ಆ ಚಾನೆಲ್ ಬರಲಿಲ್ಲ. ಡೈರೆಕ್‌ಟಿವಿ ಎಂಬ ದೊಡ್ಡ ಡಿಟಿಎಚ್ ಕಂಪನಿ ಒಪ್ಪಿದ್ದು 2020ರಲ್ಲಿ. ಸ್ಟೇಡಿಯಂ ನಮ್ಮ ಮನೆಯಿಂದ ಇಪ್ಪತ್ತು ನಿಮಿಷ. ನಮ್ಮಲ್ಲಿದ್ದ ಕನೆಕ್ಷನ್‌ನಲ್ಲಿ ಆ ಚಾನೆಲ್ ಇಲ್ಲ.

ಕಳೆದುಕೊಂಡದ್ದು ಮ್ಯಾಚ್ ಮಾತ್ರ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ವಿನ್ ಸ್ಕಲ್ಲಿ ಅಂತ ಒಬ್ಬರು ಕಾಮೆಂಟೇಟರ್ ಇದ್ದರು. 1950ರಲ್ಲಿ, ಟೀಮು ಇನ್ನೂ ಬ್ರೂಕ್ಲಿನ್‌ನಲ್ಲಿದ್ದಾಗಲೇ ಸೇರಿದವರು, 67 ಸೀಸನ್ ಮಾತಾಡಿದರು. ಅವರ ಕೊನೆಯ ಮೂರು ವರ್ಷ ಈ ಜಗಳದ ನಡುವೆ ಹೋದವು. ಬೇಸ್‌ಬಾಲ್ ಮ್ಯಾಚಿಗೆ ಒಂಬತ್ತು ಇನಿಂಗ್ಸ್, ಸಮವಾದರೆ ಇನ್ನೂ ಹೆಚ್ಚು. ಅವರ ಟಿವಿ ಮಾತಿನ ಮೊದಲ ಮೂರು ಇನಿಂಗ್ಸ್ ಮಾತ್ರ ರೇಡಿಯೊದಲ್ಲೂ ಬರುತ್ತಿತ್ತು. ಆಫೀಸಿನಿಂದ ಬಂದವನು ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಮೂರನೆಯ ಇನಿಂಗ್ಸ್ ಮುಗಿಯುವ ತನಕ ಅಲ್ಲೇ ಕೂತಿರುತ್ತಿದ್ದೆ. ತಾಳಮದ್ದಳೆಯಲ್ಲಿ ಹಳೆಯ ಅರ್ಥಧಾರಿಗಳು ಒಂದು ಪದ ಹಿಡಿದು ಎಲ್ಲಿಗೋ ಹೋಗಿ ತಿರುಗಿ ಅದೇ ಪದಕ್ಕೆ ಬಂದು ನಿಲ್ಲುತ್ತಾರಲ್ಲ, ಅವರದ್ದು ಹಾಗೆ. ಚೆಂಡೆಸೆಯುವ ಪಿಚರ್ ಅದನ್ನು ಹಿಡಿದು ನಿಂತಿರುವಾಗ ಯಾರದೋ ಅಜ್ಜನ ಕಥೆ ಶುರು ಮಾಡಿ, ಬ್ಯಾಟಿಗೆ ಚೆಂಡು ತಾಗುವ ಹೊತ್ತಿಗೆ ಮುಗಿಸುತ್ತಿದ್ದರು.

2016ರಲ್ಲಿ ಅವರ ಕೊನೆಯ ಆರು ಮ್ಯಾಚುಗಳನ್ನು ಕೆಟಿಎಲ್‌ಎ ಎಂಬ ಉಚಿತ ಚಾನೆಲ್‌ನಲ್ಲೂ ಹಾಕಿದರು. ಅದಕ್ಕೋಸ್ಕರವೇ ಆಂಟೆನಾ ತಂದು ಕಿಟಕಿಗೆ ಅಂಟಿಸಿದೆ. ಸೆಪ್ಟೆಂಬರ್ 25ರಂದು ತವರಿನ ಕೊನೆಯ ಮ್ಯಾಚು, ಹತ್ತನೆಯ ಇನಿಂಗ್ಸ್‌ನಲ್ಲಿ ಚಾರ್ಲಿ ಕಲ್ಬರ್‌ಸನ್ ಹೋಮ್ ರನ್ ಹೊಡೆದು ಗೆಲ್ಲಿಸಿದ. ಸ್ಕಲ್ಲಿಯವರಿಗೆ ಆಗ 88 ವರ್ಷ. ನನ್ನ ಹೆಂಡತಿಗೆ ಬೇಸ್‌ಬಾಲ್ ಗೊತ್ತಿಲ್ಲ, ಆ ದಿನ ಅವಳೂ ಅತ್ತಳು.

ಕಂಬಳ ಲೈವ್:

ನಾನು ಕಂಬಳದ ನೇರಪ್ರಸಾರದ ತಂಡದಲ್ಲಿ ಕ್ಯಾಮೆರಾ ಹಿಡಿಯುವವನು. ಕೋಣಗಳು ಓಟ ಶುರು ಮಾಡುವ ಗಂತಿನಲ್ಲೊಂದು, ಮುಗಿಸುವ ಮಂಜೊಟ್ಟಿಯಲ್ಲೊಂದು ಕ್ಯಾಮೆರಾ ಇಟ್ಟು ರಾತ್ರಿ ಬೆಳಗಾಗುವ ತನಕ ಯೂಟ್ಯೂಬಿಗೆ ಬಿಡುತ್ತೇವೆ. ದುಬೈಯಲ್ಲಿ ಇರುವವರೂ ನೋಡುತ್ತಾರೆ, ಯಾರಿಗೂ ತಡೆ ಇಲ್ಲ. ಖರ್ಚು ಜಾಹೀರಾತಿನವರದ್ದು. ಕೇಬಲ್ ಅಣ್ಣ, ಅಲ್ಲಿಯೂ ಹೀಗೆಯೇ ಉಚಿತ ಮಾಡಿದರೆ ಟೀಮಿನವರಿಗೆ ದುಡ್ಡು ಸಾಕಾಗುತ್ತದಾ?

ಕಟಪಾಡಿ ಕೇಬಲ್:

ಕೆಲವರು ಶುರು ಮಾಡಿದ್ದಾರೆ ತಮ್ಮಾ. 2023ರಲ್ಲಿ ಬಾಸ್ಕೆಟ್‌ಬಾಲ್‌ನ ಫೀನಿಕ್ಸ್ ಸನ್ಸ್, ಹಾಕಿಯ ವೇಗಸ್ ಗೋಲ್ಡನ್ ನೈಟ್ಸ್ ಇಬ್ಬರೂ ಪ್ರಾದೇಶಿಕ ಚಾನೆಲ್ ಬಿಟ್ಟು ಆಂಟೆನಾದಲ್ಲಿ ಉಚಿತವಾಗಿ ಬರುವ ಸ್ಟೇಷನ್‌ಗಳಿಗೆ ಹೋದರು. ಸೀಸನ್‌ಗೆ 82 ಮ್ಯಾಚಿನ ಆಟಗಳು ಅವು. ಬೇಸ್‌ಬಾಲ್‌ನ 162ಕ್ಕೆ ಸಂಜೆ ಸಂಜೆ ಜಾಗ ಕೊಡುವುದು ಅಂಥ ಸ್ಟೇಷನ್ನಿಗೆ ಕಷ್ಟ. ಆಟಗಾರರ ಸಂಬಳ ಈ ಚಾನೆಲ್ ದುಡ್ಡಿನ ಮೇಲೆಯೇ ಬೆಳೆದದ್ದು, ಅಷ್ಟನ್ನು ಜಾಹೀರಾತಿನಿಂದ ಮಾತ್ರ ತುಂಬಿಸಲಿಕ್ಕೆ ಆಗುವುದಿಲ್ಲ. ನನ್ನ ಕೇಳಿದರೆ ಕಡಿಮೆ ದುಡ್ಡಾದರೂ ಊರಿನ ಮಕ್ಕಳಿಗೆ ಕಾಣುವುದು ಮುಖ್ಯ. ಕಾಣದ ಟೀಮಿಗೆ ಮುಂದಿನ ತಲೆಮಾರಿನ ಅಭಿಮಾನಿ ಎಲ್ಲಿಂದ ಬರಬೇಕು? ನಮ್ಮಲ್ಲಿ 2007ರ ಕಾಯ್ದೆ ಉಂಟು, ದೇಶಕ್ಕೆ ಮುಖ್ಯವಾದ ಪಂದ್ಯಗಳ ಸಿಗ್ನಲ್ ದೂರದರ್ಶನಕ್ಕೂ ಕೊಡಬೇಕು ಅಂತ. ಖಾಸಗಿ ಚಾನೆಲ್‌ನವರಿಗೆ ಅದರ ಮೇಲೆ ಸಿಟ್ಟು. ಆ ಕಾಯ್ದೆ ಇರಬೇಕು ಅಂತಲೇ ನಾನು ಹೇಳುವುದು, ಕೇಬಲ್‌ನವನಾಗಿದ್ದುಕೊಂಡೂ.

ಅಕ್ಕ, ಅಳಿಯನಿಗೆ ಒಂದು ಹೇಳಿ. ಲೀಗಿನ ರೇಡಿಯೊ ಕಾಮೆಂಟರಿಗೆ ಈ ಸೀಮೆಯ ತಡೆ ಇಲ್ಲ.

ಬಿಜೈ ಅಮ್ಮ, ಮಂಗಳೂರು:

ಎಲ್ಲರಿಗೂ ತುಂಬಾ ಉಪಕಾರ. ಕಟಪಾಡಿಯವರು ಬರೆದದ್ದನ್ನು ಮಗಳಿಗೆ ಕಳಿಸಿದೆ, ಇಬ್ಬರೂ ಕೂತು ಓದಿದರಂತೆ. ಅಜ್ಜಿಯ ಜಗಲಿಯ ಭಾಗ ಮಾತ್ರ ನಾನು ಎರಡು ಸಲ ಓದಿದೆ.

ರೇಡಿಯೊ ವಿಷಯ ಅಳಿಯನಿಗೆ ಗೊತ್ತಿತ್ತಂತೆ, ಆದರೆ ಹಾಕಿ ಕೇಳಿರಲಿಲ್ಲ. ನಿನ್ನೆ ಹಾಕಿದ. ಅಲ್ಲಿ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಆಟ ಶುರು, ಇಲ್ಲಿ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ. ವಾಟ್ಸಾಪ್‌ನಲ್ಲಿ ಕಾಲ್ ಮಾಡಿ ಫೋನನ್ನು ರೇಡಿಯೊದ ಹತ್ತಿರ ಇಟ್ಟ. ಹೊರಗೆ ಮಳೆ ಹೊಡೆಯುತ್ತಿತ್ತು, ಕಿವಿಗೆ ಒತ್ತಿ ಹಿಡಿದು ಕೇಳಿದೆ. ಮಾತು ಅರ್ಧ ಅರ್ಥವಾಯಿತು. ಒಂದು ಸಲ ಬ್ಯಾಟಿಗೆ ಚೆಂಡು ತಾಗಿದ ಟಕ್ ಎಂಬ ಶಬ್ದ ಬಂತು, ಜನ ಬೊಬ್ಬೆ ಹೊಡೆದರು, ಅದಕ್ಕೆ ಮಗು ಬೆಚ್ಚಿ ಎದ್ದು ಅತ್ತದ್ದೂ ಕೇಳಿಸಿತು.