ಕುಂಡದ ಬಣ್ಣ ಕಳಚುತ್ತಿದೆ, ಬಿಗೋನಿಯ ಎಲೆಯ ಅಂಚು ಸುಡುತ್ತಿದೆ: ಎರಡೂ ಒಟ್ಟಿಗೆ ಯಾಕೆ?

ತಾರಸಿ_ಹಾಸನ
ತಲೆ ಕೆಟ್ಟುಹೋಗಿದೆ. ಯುಗಾದಿಗೆ ನೆಂಟರು ಬರುತ್ತಾರೆ, ಮೆಟ್ಟಿಲು ಮತ್ತು ತಾರಸಿ ಚೆನ್ನಾಗಿ ಕಾಣಲಿ ಅಂತ ಮಣ್ಣಿನ ಕುಂಡಗಳಿಗೆಲ್ಲ ಕೆಂಪು ಬಣ್ಣ ಹೊಡೆದು, ಮೇಲೆ ಬಿಳಿಯಲ್ಲಿ ಹಸೆ ಚಿತ್ತಾರ ಬರೆದಿದ್ದೆ. ಈಗ ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದು ಕಳಚುತ್ತಿದೆ. ಬುಡದಿಂದ ಶುರುವಾಗಿ ಮೇಲಕ್ಕೆ ಬರುತ್ತಿದೆ. ಅದು ಸಾಲದು ಅಂತ ಬಿಗೋನಿಯ ಎಲೆಯ ಅಂಚು ಕಂದಾಗಿ ಒಣಗುತ್ತಿದೆ. ಪೆಟೂನಿಯದ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಹಾಕಿದ್ದೇನೆ, ನೀರು ಸರಿಯಾಗಿ ಹಾಕುತ್ತೇನೆ, ಬೆಳಗಿನ ಬಿಸಿಲು ಮಾತ್ರ ಬೀಳುತ್ತದೆ. ಬಣ್ಣದ ಅಂಗಡಿಯವನು ಗಿಡದ ತಪ್ಪು ಅನ್ನುತ್ತಾನೆ, ನರ್ಸರಿಯವನು ಬಣ್ಣದ ತಪ್ಪು ಅನ್ನುತ್ತಾನೆ. ಫೋಟೋ ಹಾಕಿದ್ದೇನೆ. ಬೇಗ ಹೇಳಿ.

ಮಲೆನಾಡ_ಮಣ್ಣು
ಸರ್, ನೀರು ಜಾಸ್ತಿ ಆಗಿದೆ. ಬೇರು ಕೊಳೆತಿದೆ. ಗಿಡ ಕಿತ್ತು ಬೇರು ನೋಡಿ, ಕಪ್ಪಾಗಿರುತ್ತದೆ.

ತಾರಸಿ_ಹಾಸನ
ಸರ್ ಅಲ್ಲ, ಮೇಡಂ. ಮೇಲಿನ ಮಣ್ಣು ಒಣಗಿದ ಮೇಲೇ ನೀರು ಹಾಕುವುದು. ಬೇರು ಕೊಳೆತರೆ ಬಣ್ಣ ಯಾಕೆ ಕಳಚುತ್ತದೆ?

ಬಣ್ಣದ_ಡಬ್ಬಿ
ಯಾವ ಬಣ್ಣ ಅಂತ ಬರೆದೇ ಇಲ್ಲವಲ್ಲ ಅಕ್ಕ. ಎಣ್ಣೆ ಬಣ್ಣ ಎನಾಮಲ್ಲಾ, ನೀರಿನಲ್ಲಿ ಕಲಸುವ ಎಮಲ್ಷನ್ನಾ? ಹೊಸ ಕುಂಡವಾ, ಗಿಡ ಇದ್ದ ಹಾಗೇ ಹೊಡೆದಿರಾ? ಒಳಗಡೆ ಏನಾದರೂ ಬಳಿದಿದ್ದೀರಾ?

ತಾರಸಿ_ಹಾಸನ
ಗೇಟಿಗೆ ಹೊಡೆದು ಉಳಿದಿದ್ದ ಎನಾಮಲ್. ಒಳ್ಳೇ ಬಣ್ಣವೇ, ಗೇಟಿನ ಮೇಲೆ ಇವತ್ತಿಗೂ ಹೊಳೆಯುತ್ತಿದೆ. ಕುಂಡ ಹಳೆಯವು, ಗಿಡ ಅದರಲ್ಲೇ ಇತ್ತು. ಒಳಗೆ ಯಾರು ಬಳಿಯುತ್ತಾರೆ, ಕಾಣುವುದಿಲ್ಲ ಅಲ್ವಾ?

ಮಲೆನಾಡ_ಮಣ್ಣು
ಸಿಕ್ಕಿತು ನೋಡಿ. ಎನಾಮಲ್ ಹೊಡೆದರೆ ಮಣ್ಣಿನ ಕುಂಡ ಉಸಿರಾಡುವುದಿಲ್ಲ. ನೀರು ಒಳಗೇ ನಿಲ್ಲುತ್ತದೆ. ಬೇರು ಕೊಳೆಯುತ್ತದೆ. ನಾನು ಮೊದಲೇ ಹೇಳಿದೆ.

ಸಾಗರದ_ಹುಡುಗಿ
ಫೋಟೋ ದೊಡ್ಡದು ಮಾಡಿ ನೋಡಿದೆ. ಇದು ಹಸೆ ಚಿತ್ತಾರ ಅಲ್ಲವೇ ಅಲ್ಲ, ವರ್ಲಿ. ಎರಡು ತ್ರಿಕೋನ ಸೇರಿಸಿ ಮನುಷ್ಯರನ್ನು ಬರೆಯುವುದು ಮಹಾರಾಷ್ಟ್ರದ ಕಡೆಯದು. ನಮ್ಮ ಕಡೆ ದೀವರ ಸಮುದಾಯದ ಮನೆಯ ಹೆಂಗಸರು ಮದುವೆಗೆ ಗೋಡೆಯ ಮೇಲೆ ಬರೆಯುವುದು ಹಸೆ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಗೆರೆ ಮೇಲೆ ಗೆರೆ. ಎಲ್ಲರೂ ಎಲ್ಲದಕ್ಕೂ ಹಸೆ ಅನ್ನುವುದು ಈಗ ಫ್ಯಾಷನ್ ಆಗಿದೆ.

ತಾರಸಿ_ಹಾಸನ
ಯಾವುದಾದರೇನು ಮೇಡಂ, ಅದೂ ಕಳಚಿ ನೆಲಕ್ಕೆ ಬೀಳುತ್ತಿದೆ.

ಸಾಗರದ_ಹುಡುಗಿ
ಹೆಸರು ಸರಿಯಾಗಿ ಹೇಳಿ ಅಂದೆ ಅಷ್ಟೇ. ಅಂದಹಾಗೆ ಕೆಮ್ಮಣ್ಣು ಬಳಿದಿದ್ದರೆ ಗುಳ್ಳೆ ಏಳುತ್ತಲೇ ಇರಲಿಲ್ಲ.

ಬಣ್ಣದ_ಡಬ್ಬಿ
ಮೊದಲ ಮಳೆಗೆ ತೊಳೆದು ಮೆಟ್ಟಿಲೆಲ್ಲ ಕೆಂಪಾಗುತ್ತಿತ್ತು, ಅದನ್ನೂ ಹೇಳಿ.

ಕಾಫಿ_ಸಿಪ್ಪೆ
ನಾವು ಚಿಕ್ಕಮಗಳೂರಿನಲ್ಲಿ ಬಣ್ಣದ ಗೋಜಿಗೇ ಹೋಗಿಲ್ಲ. 75 ಶೇಕಡಾ ನೆರಳಿನ ಹಸಿರು ಬಲೆ, ಅದರ ಕೆಳಗೆ ಆಂಥೂರಿಯಂ ಸಾಲು. ಚೆನ್ನಾಗಿ ಕೊಳೆತ ಕಾಫಿ ಸಿಪ್ಪೆ, ಇದ್ದಿಲು ಚೂರು, ಇಟ್ಟಿಗೆ ಚೂರು, ಅಷ್ಟೇ. ನೀರು ಸೂರಿನಿಂದ ಹಿಡಿದಿಟ್ಟ ಮಳೆ ನೀರು. ಈ ಸಲ ಹೂಮಳೆ ಬಿದ್ದ ಮೇಲೆ ಒಂದೊಂದು ಹೂವೂ ಅಂಗೈ ಅಗಲ. ಕೆಂಪು, ಬಿಳಿ, ಹಸಿರು ಅಂಚಿನದು, ಎಲ್ಲ ಇವೆ. ಫೋಟೋ ನೋಡಿ.

ಹೇಮಾವತಿ_ದಡ
ಅಬ್ಬಾ! ಆ ಹಸಿರು ಅಂಚಿನದರ ಮರಿ ಕೊಡುತ್ತೀರಾ ಅಣ್ಣ?

ಅರಸೀಕೆರೆ_ತೆಂಗು
ಆಂಥೂರಿಯಂ ಆಮೇಲೆ ನೋಡೋಣ. ಅಕ್ಕ, ಬಣ್ಣ ಕಳಚಿದ ಜಾಗದಲ್ಲಿ ಬಿಳಿ ಪುಡಿ ಇದೆಯಾ? ಬೆರಳಿನಲ್ಲಿ ಉಜ್ಜಿದರೆ ಉದುರುತ್ತದಾ? ಮಣ್ಣಿನ ಮೇಲೂ ಬಿಳಿ ಪದರ ಕಟ್ಟಿದೆಯಾ? ಮುಖ್ಯವಾಗಿ, ಯಾವ ನೀರು ಹಾಕುತ್ತೀರಿ?

ತಾರಸಿ_ಹಾಸನ
ಪುಡಿ ಇದೆ, ಉದುರುತ್ತದೆ. ಮಣ್ಣಿನ ಮೇಲೂ ಸ್ವಲ್ಪ ಇದೆ. ನೀರು ಮಾಮೂಲಿ. ಅಡುಗೆಮನೆ ಆರ್‌ಓ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನು ಬಕೆಟ್ಟಿಗೆ ಹಿಡಿದು ಹಾಕುತ್ತೇವೆ. ಸುಮ್ನೆ ಚರಂಡಿಗೆ ಯಾಕೆ ಬಿಡಬೇಕು? ನಮ್ಮದು ಬೋರ್ ನೀರು. ಹೇಮಾವತಿ ನಲ್ಲಿ ನೀರು ಬಂದಾಗ ಅದನ್ನು ಕುಡಿಯುವುದಕ್ಕೆ ಹಿಡಿಯುತ್ತೇವೆ.

ಅರಸೀಕೆರೆ_ತೆಂಗು
ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು!

ಫಿಲ್ಟರ್ ಒಂದು ಲೀಟರ್ ಕುಡಿಯುವ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಒಳಗೆ ಬಂದ ಉಪ್ಪೆಲ್ಲ ಆ ಹೊರಗೆ ಹೋಗುವ ನೀರಿನಲ್ಲೇ ಉಳಿಯುತ್ತದೆ. ಬೋರ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನಂಶದ ಅಳತೆ) 600 ಇದ್ದರೆ ಹೊರಗೆ ಬರುವುದು 800 ರಿಂದ 900. ನೆಲ ಒರೆಸಲು, ಅಂಗಳ ತೊಳೆಯಲು ಸರಿ. ಕುಂಡಕ್ಕೆ ದಿನಾ ಹಾಕಿದರೆ ನೀರು ಆವಿಯಾಗುತ್ತದೆ, ಉಪ್ಪು ಮಣ್ಣಿನಲ್ಲೇ ಕೂರುತ್ತದೆ. ಬಿಗೋನಿಯಕ್ಕೆ ಉಪ್ಪು ಆಗಿಬರುವುದಿಲ್ಲ, ಮೊದಲು ಸುಡುವುದು ಎಲೆಯ ಅಂಚೇ. ಪೆಟೂನಿಯದ್ದು ಸ್ವಲ್ಪ ಬೇರೆ ಕಥೆ. ಗಡಸು ನೀರಿನಿಂದ ಮಣ್ಣು ಕ್ಷಾರವಾದರೆ ಕಬ್ಬಿಣ ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದಕ್ಕೇ ಹೊಸ ಎಲೆ ಹಳದಿ, ನರ ಹಸಿರು.

ಬಣ್ಣಕ್ಕೂ ಇದೇ ಕಾರಣ. ಸುಟ್ಟ ಮಣ್ಣು ಒಳಗಿನ ನೀರನ್ನು ಹೊರಮೈಗೆ ಎಳೆಯುತ್ತದೆ. ಮೊದಲು ಅದು ಆರಿ ಹೋಗುತ್ತಿತ್ತು, ಬಿಳಿ ಉಪ್ಪು ಮೈಮೇಲೆ ನಿಲ್ಲುತ್ತಿತ್ತು. ಈಗ ಎನಾಮಲ್ ಅಡ್ಡ ಬಂದಿದೆ. ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟಿ ಅದನ್ನು ತಳ್ಳುತ್ತಿದೆ. ಕುಂಡದ ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಲ್ಲುತ್ತದಲ್ಲ, ಬುಡವೇ ಜಾಸ್ತಿ ಒದ್ದೆ. ಅಲ್ಲಿಂದಲೇ ಶುರು.

ಮಲೆನಾಡ_ಮಣ್ಣು
ತಟ್ಟೆಯಲ್ಲಿ ನೀರು ನಿಲ್ಲುತ್ತದೆ ಅಂತ ನೀವೇ ಹೇಳಿದಿರಿ. ಅಂದರೆ ನೀರು ಜಾಸ್ತಿ. ಬೇರು ನೋಡಿ ಮೇಡಂ.

ಹೇಮಾವತಿ_ದಡ
ನಾವು ವರ್ಷಗಟ್ಟಲೆಯಿಂದ ಫಿಲ್ಟರ್ ಹೊರಗೆ ಬಿಡುವ ನೀರನ್ನೇ ದಾಸವಾಳಕ್ಕೆ ಹಾಕುತ್ತಿದ್ದೇವೆ. ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಅರಸೀಕೆರೆ_ತೆಂಗು
ನಿಮ್ಮ ದಾಸವಾಳ ನೆಲದಲ್ಲಿದೆಯೋ ಕುಂಡದಲ್ಲಿದೆಯೋ?

ಹೇಮಾವತಿ_ದಡ
ನೆಲದಲ್ಲಿ. ಅದಕ್ಕೇನು?

ಅರಸೀಕೆರೆ_ತೆಂಗು
ನೆಲದಲ್ಲಿ ಬೇರು ಆಳಕ್ಕೆ ಹೋಗುತ್ತದೆ, ಮುಂಗಾರಿನಲ್ಲಿ ಉಪ್ಪೆಲ್ಲ ಕೆಳಗೆ ಇಳಿಯುತ್ತದೆ. ಇವರದು ತಾರಸಿಯ ಕುಂಡ. ಮಾರ್ಚ್ ಬಿಸಿಲು, ಮೇಲೆ ಗೊಬ್ಬರ ಬೇರೆ. ಗೊಬ್ಬರವೂ ಉಪ್ಪೇ ಅಲ್ವಾ?

ತಾರಸಿ ಅಕ್ಕ, ಸದ್ಯಕ್ಕೆ ಗೊಬ್ಬರ ನಿಲ್ಲಿಸಿ. ತಟ್ಟೆ ತೆಗೆಯಿರಿ. ನಲ್ಲಿ ನೀರು ಬಂದ ದಿನ ಕುಂಡದಲ್ಲಿ ಹಿಡಿಸುವಷ್ಟರ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹುಯ್ದು, ಕೆಳಗಿನ ತೂತಿನಿಂದ ಪೂರ್ತಿ ಹರಿದು ಹೋಗಲು ಬಿಡಿ. ಹತ್ತು ಇಂಚಿನ ಕುಂಡಕ್ಕೆ ಹದಿನೈದು ಇಪ್ಪತ್ತು ಲೀಟರ್ ಬೇಕು. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಕತ್ತರಿಸಿ. ಹೊಸ ಎಲೆ ಹೇಗೆ ಬರುತ್ತದೆ ನೋಡಿ.

ಬಣ್ಣದ_ಡಬ್ಬಿ
ಬಣ್ಣದ ವಿಷಯ ನಾನು ಹೇಳುತ್ತೇನೆ. ಇದರ ಮೇಲೇ ಇನ್ನೊಂದು ಕೋಟ್ ಹೊಡೆಯಬೇಡಿ, ಅದೂ ಏಳುತ್ತದೆ. ಸರಿಯಾದ ದಾರಿ ಅಂದರೆ ಕುಂಡ ಖಾಲಿ ಮಾಡಿ, ತಂತಿ ಬ್ರಷ್‌ನಿಂದ ಕೆರೆದು, ವಿನಿಗರ್ ಬೆರೆಸಿದ ನೀರಿನಲ್ಲಿ ಉಜ್ಜಿ, ಒಳ್ಳೇ ನೀರಿನಲ್ಲಿ ನೆನೆಸಿ, ಪೂರ್ತಿ ಒಣಗಿಸಬೇಕು. ಆಮೇಲೆ ಒಳಗೆ ವಾಟರ್‌ಪ್ರೂಫ್ ಕೋಟ್, ಹೊರಗೆ ಎಕ್ಸ್‌ಟೀರಿಯರ್ ಎಮಲ್ಷನ್. ಹಬ್ಬದೊಳಗೆ ಇಷ್ಟೆಲ್ಲ ಆಗುವುದಿಲ್ಲ. ಅಡ್ಡದಾರಿ ಹೇಳಲಾ? ಗಿಡವನ್ನು ತೂತಿರುವ ಪ್ಲಾಸ್ಟಿಕ್ ಕುಂಡಕ್ಕೆ ಹಾಕಿ ಅದನ್ನು ಬಣ್ಣದ ಕುಂಡದೊಳಗೆ ಕೂರಿಸಿ. ತಳದಲ್ಲಿ ಇಟ್ಟಿಗೆ ಚೂರು ಇಡಿ. ಒದ್ದೆ ಮಣ್ಣು ಹೊರಗಿನ ಕುಂಡಕ್ಕೆ ತಾಗದಿದ್ದರೆ ಬಣ್ಣ ಉಳಿಯುತ್ತದೆ. ನಮ್ಮ ಮನೆಯ ಜಗಲಿಯಲ್ಲಿ ಎಲ್ಲ ಹೀಗೇ ಇಟ್ಟಿರುವುದು. ಕಂಬಕ್ಕೆ ತೆಂಗಿನ ಚಿಪ್ಪು ತೂಗುಹಾಕಿ ಮನಿಪ್ಲಾಂಟ್ ಬಿಟ್ಟಿದ್ದೇನೆ, ಹಳೆಯ ಕಿಟಕಿ ಚೌಕಟ್ಟಿಗೆ ನೀಲಿ ಬಳಿದು ಗೋಡೆಗೆ ಒರಗಿಸಿದ್ದೇನೆ. ಫೋಟೋ ಹಾಕುತ್ತೇನೆ ಇರಿ.

ತಾರಸಿ_ಹಾಸನ
ಫಿಲ್ಟರ್ ಸರ್ವಿಸ್ ಹುಡುಗನ ಹತ್ತಿರ ಮೀಟರ್ ಇತ್ತು, ನೋಡಿಸಿದೆ. ಬೋರ್ 640, ಹೊರಗೆ ಬರುವುದು 910. ನಲ್ಲಿ ನೀರಿನಲ್ಲಿ ಕುಂಡ ತೊಳೆದಿದ್ದೇನೆ, ತಾರಸಿಯೆಲ್ಲ ಕೆಸರು. ಬೇರನ್ನೂ ನೋಡಿದೆ, ಬೆಳ್ಳಗೇ ಇದೆ. ಬಿಗೋನಿಯ ಹೊಸ ಚಿಗುರಿನ ಅಂಚು ಸದ್ಯಕ್ಕೆ ಚೆನ್ನಾಗಿದೆ. ಪೆಟೂನಿಯ ಮಾತ್ರ ಹಳದಿಯಾಗಿಯೇ ಇದೆ. ಏನಾದರೂ ಹಾಕಬೇಕಾ?

ಮಲೆನಾಡ_ಮಣ್ಣು
ಒಂದೇ ಗಿಡದ ಬೇರು ನೋಡಿದರೆ ಸಾಲದು.

ಅರಸೀಕೆರೆ_ತೆಂಗು
ಚೀಲೇಟೆಡ್ ಕಬ್ಬಿಣ ಹಾಕಿ, ಅಂದರೆ ಬೇರಿಗೆ ಸಿಗುವ ರೂಪದಲ್ಲಿ ಕಟ್ಟಿಟ್ಟ ಕಬ್ಬಿಣ. ಪೊಟ್ಟಣದ ಮೇಲೆ ಇಡಿಡಿಎಚ್‌ಎ ಅಂತ ಇದ್ದರೆ ಒಳ್ಳೆಯದು, ಇಡಿಟಿಎ ಅಂತ ಇರುವುದು ಕ್ಷಾರ ಮಣ್ಣಿನಲ್ಲಿ ಅಷ್ಟು ನಿಲ್ಲುವುದಿಲ್ಲ. ಪೊಟ್ಟಣದಲ್ಲಿ ಬರೆದ ಪ್ರಮಾಣಕ್ಕಿಂತ ಜಾಸ್ತಿ ಬೇಡ. ಹೇಗೂ ಬಿಸಿಲು ಏರಿದರೆ ಪೆಟೂನಿಯ ಮುಗಿಯುತ್ತದೆ. ಮಳೆಗಾಲಕ್ಕೆ ಆ ಕುಂಡದಲ್ಲಿ ಡೇರೆ ಹೂವಿನ (ಡೇಲಿಯ) ಗೆಡ್ಡೆ ಇಡಿ.

ಕಾಫಿ_ಸಿಪ್ಪೆ
ಡೇರೆ ಅಂದರೆ ನಮ್ಮಲ್ಲಿ ನೋಡಬೇಕು. ಹೋದ ಮಳೆಗಾಲದ ಫೋಟೋ ಹಾಕಿದ್ದೇನೆ. ಆ ನೇರಳೆ ಬಣ್ಣದ್ದು ಊಟದ ತಟ್ಟೆ ಅಗಲ ಇದೆ.

ಹೇಮಾವತಿ_ದಡ
ಅಣ್ಣ, ಆಂಥೂರಿಯಂ ಮರಿ ಕೇಳಿದ್ದೆ. ಬಸ್ಸಿನಲ್ಲಿ ಕಳಿಸಿದರೆ ಹಾಸನದಲ್ಲಿ ಇಳಿಸಿಕೊಳ್ಳುತ್ತೇನೆ. ಡೇರೆ ಗೆಡ್ಡೆಯೂ ಎರಡು ಇರಲಿ.